ಸಾಲುಮರದ ದಾರಿ ಯಾರದು?

ಬೇಸಿಗೆಯ ಮಧ್ಯಾಹ್ನ ತಲೆ ಮೇಲೆ ಹೊರೆ ಹೊತ್ತು ನಡೆಯುವಾಗ ಒಂದು ಆಲದ ಮರ ಸಿಕ್ಕರೆ ಎಷ್ಟು ತಂಪು! ಇದು ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು. ಕಾರಿನಲ್ಲಿ ಹೋಗುವವರಿಗೆ ನೆರಳಿನ ಚಿಂತೆ ಇಲ್ಲ. ನಡೆಯುವವರಿಗೆ ಉಂಟು.

ಮಾಗಡಿ ತಾಲ್ಲೂಕಿನಲ್ಲಿ ಹುಲಿಕಲ್ ಎಂಬ ಊರಿದೆ. ಅಲ್ಲಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಸುಮಾರು 4 ಕಿಲೋಮೀಟರ್ ಆಲದ ಮರಗಳ ಸಾಲು ಇದೆ. ಅದನ್ನು ಬೆಳೆಸಿದವರು ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ. ಇಬ್ಬರೂ ಕೂಲಿ ಮಾಡುತ್ತಿದ್ದರು. ಮಕ್ಕಳಿರಲಿಲ್ಲ. ಮೊದಲ ವರ್ಷ 10 ಸಸಿ ನೆಟ್ಟರು. ಮರುವರ್ಷ 15, ಅದರ ಮುಂದಿನ ವರ್ಷ 20. ಮಳೆಗಾಲದಲ್ಲಿ ನೆಡುತ್ತಿದ್ದರು. ಮಳೆ ನಿಂತ ಮೇಲೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕುತ್ತಿದ್ದರು. ದನ, ಆಡು ತಿನ್ನದ ಹಾಗೆ ಸುತ್ತ ಮುಳ್ಳು ಕಟ್ಟಿದರು. ಹೀಗೆ ಬೆಳೆದವು 385 ಮರ ಅಂತ ಲೆಕ್ಕ. ನೆಡುವುದು ಒಂದು ದಿನದ ಕೆಲಸ, ಕಾಯುವುದು ಹತ್ತು ವರ್ಷದ ಕೆಲಸ. ಫೋಟೋ ತೆಗೆಸಿಕೊಂಡು ಸಸಿ ನೆಟ್ಟು ಹೋಗುವವರು ಇದನ್ನು ಮರೆತುಬಿಡುತ್ತಾರೆ.

ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ಆಮೇಲೆ ಆ ಮರಗಳನ್ನು ನೋಡಿಕೊಳ್ಳುವ ಹೊಣೆಯನ್ನು ಸರ್ಕಾರ ವಹಿಸಿಕೊಂಡಿತು. ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. ಅರಣ್ಯ ಇಲಾಖೆ ಅವರ ಹೆಸರಿನಲ್ಲಿ ರಾಜ್ಯದ ಹಲವು ಕಡೆ ವೃಕ್ಷೋದ್ಯಾನ ಮಾಡಿತು. ಅವರು 2025ರ ನವೆಂಬರ್‌ನಲ್ಲಿ ತೀರಿಕೊಂಡರು.

ಅದೇ 2019ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸದಲ್ಲಿ ಆ ಸಾಲುಮರಗಳಿಗೇ ಕೊಡಲಿ ಬೀಳುವ ಹಾಗಾಯಿತು. ತಿಮ್ಮಕ್ಕ ಸರ್ಕಾರದ ಮುಂದೆ ಹೋದರು. ಮರ ಉಳಿಸಿ ಅಂತ ಕೇಳಿದರು. ಬೇರೆ ದಾರಿ ಹುಡುಕುವುದಾಗಿ ಸರ್ಕಾರ ಹೇಳಿತು. ತಿಮ್ಮಕ್ಕನ ಮಾತಿಗೆ ಬೆಲೆ ಇತ್ತು. ನಮ್ಮ ನಿಮ್ಮ ಮಾತಿಗೆ?

ನಮ್ಮ ಮಾತು ಕಾಗದದ ಮೇಲೆ ಇರಬೇಕು. ತಿಮ್ಮಕ್ಕ ಶಾಲೆಗೆ ಹೋದವರಲ್ಲ. ಮರ ಬೆಳೆಸಲು ಅಕ್ಷರ ಬೇಕಾಗಲಿಲ್ಲ. ಆದರೆ ಮರ ಉಳಿಸಿಕೊಳ್ಳಲು ಅಕ್ಷರ ಬೇಕು.

ಹೇಗೆ ಅಂತೀರಾ? ನೆಡುವ ಮೊದಲೇ ಆ ರಸ್ತೆ ಯಾರದು ಅಂತ ಕೇಳಿ. ಕೆಲವು ರಸ್ತೆ ಗ್ರಾಮ ಪಂಚಾಯಿತಿಯದು. ಕೆಲವು ಜಿಲ್ಲಾ ಪಂಚಾಯಿತಿಯದು. ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದು. ರಸ್ತೆಯ ಗಡಿ ಎಲ್ಲಿಯವರೆಗೆ ಇದೆ, ಮುಂದೆ ಅಗಲ ಮಾಡುತ್ತಾರಾ ಅಂತಲೂ ಕೇಳಿ. ಇದನ್ನು ತಿಳಿಯದೆ ನೆಟ್ಟರೆ ಮರ ದೊಡ್ಡದಾಗುವ ಹೊತ್ತಿಗೆ ರಸ್ತೆಯೂ ದೊಡ್ಡದಾಗುತ್ತದೆ. ಪಂಚಾಯಿತಿಯ ಹಿಡಿತದಲ್ಲಿರುವ ರಸ್ತೆ ಬದಿಯಲ್ಲಿ ಗಿಡ ನೆಡುವುದು, ಕಾಪಾಡುವುದು ಪಂಚಾಯಿತಿಯ ಕೆಲಸ ಅಂತ ಕಾನೂನಿನಲ್ಲೇ ಇದೆ. ನಾವು ಬೇಡುತ್ತಿಲ್ಲ, ಅವರ ಕೆಲಸ ನೆನಪಿಸುತ್ತಿದ್ದೇವೆ. ಸಸಿಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ನೀರು ಹಾಕುವುದು, ಕಾಯುವುದು ಊರಿನವರು ಹಂಚಿಕೊಳ್ಳಬಹುದು. ಸಂಘದ ಒಬ್ಬೊಬ್ಬರಿಗೆ ಐದು ಗಿಡ ಅಂದರೆ ಭಾರವಲ್ಲ.

ಗ್ರಾಮಸಭೆಯಲ್ಲಿ ಮಾತಾಡಿ. ಮಾತಾಡಿದ್ದು ನಡಾವಳಿ ಪುಸ್ತಕದಲ್ಲಿ ಬರೆದಿದೆಯಾ ಅಂತ ನೀವೇ ಓದಿ ನೋಡಿ. ಸಹಿ ಹಾಕುವ ಮೊದಲು ಓದಿ.

ಮರ ಕಡಿಯಲು ಇಲಾಖೆಗಳೂ ಅನುಮತಿ ಪಡೆಯಬೇಕು. ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಮೊದಲು ಜನರ ಆಕ್ಷೇಪಣೆ ಕೇಳಬೇಕು. ಇದಕ್ಕೆ ನೋಟಿಸು ಹೊರಡಿಸುತ್ತಾರೆ. ಅದರಲ್ಲಿ ಕೊಟ್ಟಿರುವ ದಿನದ ಒಳಗೆ ಅರ್ಜಿ ಕೊಡಬೇಕು.

ಅರ್ಜಿ ದೊಡ್ಡದಾಗಿ ಇರಬೇಕಿಲ್ಲ. "ಈ ರಸ್ತೆಯಲ್ಲಿ ನಾವು ದಿನಾ ನಡೆಯುತ್ತೇವೆ. ಈ ಮರಗಳು ನಮಗೆ ಬೇಕು. ರಸ್ತೆಯನ್ನು ಇನ್ನೊಂದು ಬದಿಗೆ ಅಗಲ ಮಾಡಿ" ಅಂತ ಬರೆದರೂ ಸಾಕು. ಕೆಳಗೆ ಎಲ್ಲರೂ ಸಹಿ ಹಾಕಿ. ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಸಂಘದ ಪೆಟ್ಟಿಗೆಯಲ್ಲಿ ಇಡಿ.