ಹೇಡ್ರಿಯನ್ ಗೋಡೆಯ ಪಕ್ಕ ಒಂದು ದಿನದ ನಡಿಗೆ

ಮಕ್ಕಳು ಮೊಮ್ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೋಗಿ ಬರುವ ಸದಸ್ಯರು ನಮ್ಮ ಗಡಿ ಊರುಗಳಲ್ಲಿ ಈಗ ಬಹಳ ಮಂದಿ ಇದ್ದಾರೆ. ಹೋದವರು ಲಂಡನ್ ನೋಡುತ್ತಾರೆ, ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನವರ ಪುತ್ಥಳಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಉಳಿದ ದಿನ ಮಗನ ಮನೆಯಲ್ಲಿ ಹೀಟರ್ ಪಕ್ಕ ಕುಳಿತು ಕಳೆಯುತ್ತಾರೆ. ಉತ್ತರದಲ್ಲಿ ನ್ಯೂಕ್ಯಾಸಲ್ ಕಡೆಗೆ ಹೋಗುವವರು ಕಡಿಮೆ. ಗಡಿಯಲ್ಲಿ ಹುಟ್ಟಿ ಬೆಳೆದ ನಮಗೆ ಬೇರೆಯವರಿಗಿಂತ ಹೆಚ್ಚು ಅರ್ಥವಾಗುವ ಒಂದು ಜಾಗ ಅಲ್ಲಿದೆ. ಅದು ಹೇಡ್ರಿಯನ್ ಗೋಡೆ. ಅಲ್ಲಿಗೆ ಹೋಗುವುದಾದರೆ ಗೈಡ್ ಇಟ್ಟುಕೊಂಡು ಒಂದು ಪೂರ್ತಿ ದಿನ ನಡೆಯಿರಿ ಎಂದು ಹೇಳಲು ಈ ಬರಹ. ಕಾರಣವನ್ನೂ ಹೇಳುತ್ತೇನೆ.

ಕ್ರಿ.ಶ. 122ರಲ್ಲಿ ರೋಮ್ ಚಕ್ರವರ್ತಿ ಹೇಡ್ರಿಯನ್ ಬ್ರಿಟನ್ನಿಗೆ ಬಂದ. ಅವನ ಕಾಲದಲ್ಲಿ, ಅವನ ಆಜ್ಞೆಯಂತೆ ಎದ್ದ ಗೋಡೆ ಇದು. ಪೂರ್ವದಲ್ಲಿ ಟೈನ್ ನದಿಯ ದಡದ ವಾಲ್ಸೆಂಡ್‌ನಿಂದ ಪಶ್ಚಿಮದಲ್ಲಿ ಸಾಲ್ವೇ ಕೊಲ್ಲಿಯ ಬೋನೆಸ್‌ವರೆಗೆ, ಸಮುದ್ರದಿಂದ ಸಮುದ್ರಕ್ಕೆ, ಸುಮಾರು 117 ಕಿಲೋಮೀಟರ್. ಮೂರು ರೋಮನ್ ಲೀಜನ್‌ಗಳ ಸೈನಿಕರೇ ಕಲ್ಲು ಕಡಿದು ಕಟ್ಟಿದರು. ಪಶ್ಚಿಮದ ಭಾಗವನ್ನು ಮೊದಲು ಹುಲ್ಲುಹೆಂಟೆಗಳಿಂದ ಕಟ್ಟಿ, ಆಮೇಲೆ ಕಲ್ಲಿಗೆ ಬದಲಾಯಿಸಿದರು. ಒಂದೊಂದು ರೋಮನ್ ಮೈಲಿಗೆ ಬಾಗಿಲಿರುವ ಒಂದು ಪುಟ್ಟ ಠಾಣೆ, ಎರಡು ಠಾಣೆಗಳ ನಡುವೆ ಎರಡು ಕಾವಲುಗೋಪುರ, ಅಲ್ಲಲ್ಲಿ ದೊಡ್ಡ ಕೋಟೆಗಳು. 410ರ ಹೊತ್ತಿಗೆ ಬ್ರಿಟನ್ನಿನಲ್ಲಿ ರೋಮನ್ನರ ಆಳ್ವಿಕೆ ಮುಗಿಯಿತು. ನಮ್ಮ ಹಲ್ಮಿಡಿ ಶಾಸನ ಅದಾದ ಮೇಲಿನದು ಎಂದರೆ ಕಾಲದ ಅಂದಾಜು ಸಿಗುತ್ತದೆ.

ನಾನು ಮೊದಲ ಸಲ ಹೋದಾಗ ಮಗನ ಕಾರಿನಲ್ಲಿ ಹೋದದ್ದು. ರಸ್ತೆ ಬದಿಯಲ್ಲಿ ನಿಲ್ಲಿಸಿ, ಗಾಳಿಯಲ್ಲಿ ಅರ್ಧ ಗಂಟೆ ನಿಂತು, ನಾಲ್ಕು ಫೋಟೊ ತೆಗೆದು ವಾಪಸಾದೆವು. ಕಂಡದ್ದು ಎದೆಮಟ್ಟದ ಕಲ್ಲಿನ ಸಾಲು, ಸುತ್ತ ಕುರಿಗಳು. ಬೇಕಲ ಕೋಟೆಯ ಮುರಕಲ್ಲಿನ ಗೋಡೆ ನೋಡಿದ ಕಣ್ಣಿಗೆ ಇದೇನು ಮಹಾ ಎನಿಸಿತು. ಆದೋನಿಯವರೋ ರಾಯದುರ್ಗದವರೋ ಬಂದಿದ್ದರೆ ನಕ್ಕೇಬಿಡುತ್ತಿದ್ದರು. ಎರಡನೆಯ ಸಲ ಸೊಸೆಯ ಒತ್ತಾಯಕ್ಕೆ ಒಬ್ಬ ಗೈಡನ್ನು ಗೊತ್ತು ಮಾಡಿಕೊಂಡು ನಡೆದೆವು. ಅದೇ ಗೋಡೆ, ಅದೇ ಕುರಿಗಳು. ಆದರೆ ಅವತ್ತು ನೋಡಿದ್ದು ಬೇರೆಯೇ.

ವ್ಯತ್ಯಾಸ ಏನೆಂದರೆ, ಈ ಗೋಡೆಯ ಬಹುಭಾಗ ಈಗ ಇಲ್ಲ. ಇರುವುದನ್ನು ಓದಿ ಹೇಳುವವರು ಬೇಕು. ನೂರಾರು ವರ್ಷ ಸುತ್ತಲಿನ ಜನ ಕಲ್ಲು ಕಿತ್ತು ಮನೆ, ಚರ್ಚು, ಕೊಟ್ಟಿಗೆ ಕಟ್ಟಿಕೊಂಡರು. 1745ರ ಜಾಕೊಬೈಟ್ ದಂಗೆಯ ನಂತರ ಸೈನ್ಯ ಸಾಗಿಸಲು ಒಂದು ರಸ್ತೆ ಬೇಕಾಯಿತು. ಆಗ ಗೋಡೆಯನ್ನೇ ನೆಲಸಮ ಮಾಡಿ ಅದರ ಮೇಲೆ ಮೈಲಿಗಟ್ಟಲೆ ರಸ್ತೆ ಹಾಕಿದರು. ಇವತ್ತೂ ಅದರ ಹೆಸರು ಮಿಲಿಟರಿ ರೋಡ್. ನಾವು ಮೊದಲ ಸಲ ಗೋಡೆ ಎಲ್ಲಿ ಎಂದು ಹುಡುಕುತ್ತಾ ಹೋದದ್ದು ಅದರ ತಳಪಾಯದ ಮೇಲೆಯೇ! ಮಧ್ಯದ ಗುಡ್ಡಗಳಲ್ಲಿ ಒಂದಷ್ಟು ಉಳಿದಿದ್ದರೆ ಅದಕ್ಕೆ ಜಾನ್ ಕ್ಲೇಟನ್ ಎಂಬ ನ್ಯೂಕ್ಯಾಸಲ್‌ನ ವಕೀಲ ಕಾರಣ. 1830ರ ದಶಕದಿಂದ ಆತ ಗೋಡೆ ಹಾದುಹೋಗುವ ಜಮೀನುಗಳನ್ನು ಒಂದೊಂದಾಗಿ ಕೊಂಡು, ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸಿಸಿದ. ಮೇಲೆ ಹುಲ್ಲು ಬೆಳೆದ, ಗಾರೆಯಿಲ್ಲದ ಗೋಡೆ ಕಂಡರೆ ಅದು ಕ್ಲೇಟನ್ ಜೋಡಿಸಿದ್ದು ಎಂದು ಗೈಡ್ ತೋರಿಸಿಕೊಟ್ಟರು. ತಳದಲ್ಲಿ ಅಗಲ, ಮೇಲೆ ಕಿರಿದು ಇರುವ ಜಾಗಗಳನ್ನೂ ತೋರಿಸಿದರು. ಹತ್ತು ರೋಮನ್ ಅಡಿ ಅಗಲ ಎಂದು ತಳಪಾಯ ಹಾಕಿ, ಕೆಲಸ ನಡೆಯುತ್ತಿರುವಾಗಲೇ ಯೋಜನೆ ಬದಲಾಗಿ ಗೋಡೆಯನ್ನು ಸಣ್ಣದು ಮಾಡಿದ್ದಾರೆ. ಸರ್ಕಾರಿ ಕಾಮಗಾರಿ ಎಲ್ಲ ಕಾಲದಲ್ಲೂ ಹೀಗೇ ಇರಬೇಕು.

ಒಂದೇ ದಿನ ಇರುವವರಿಗೆ ಸ್ಟೀಲ್ ರಿಗ್‌ನಿಂದ ಹೌಸ್‌ಸ್ಟೆಡ್ಸ್ ಕೋಟೆಯವರೆಗಿನ ಹಾದಿ ಸರಿ. ದೂರ ಬರೀ ಐದು ಕಿಲೋಮೀಟರಿನಷ್ಟು. ಆದರೆ ದೂರ ನೋಡಿ ಮೋಸಹೋಗಬೇಡಿ, ಹತ್ತಿ ಇಳಿದು ಹತ್ತಿ ಇಳಿಯುವ ದಾರಿ. ನೆಲದಡಿಯಿಂದ ಎದ್ದ ಕರಿಬಂಡೆಯ ಏಣು ಉತ್ತರಕ್ಕೆ ಕಡಿದಾಗಿ ನಿಂತಿದೆ, ಗೋಡೆ ಅದರ ನೆತ್ತಿಯ ಮೇಲೆಯೇ ಸಾಗುತ್ತದೆ. ನಡುವೆ ಕಣಿವೆ ಬಂದಾಗ ಗೋಡೆಯೂ ಇಳಿದು ಮತ್ತೆ ಹತ್ತುತ್ತದೆ, ನಾವೂ ಹತ್ತಬೇಕು. ಕಡಿದಾದ ಕಡೆ ಕಲ್ಲಿನ ಮೆಟ್ಟಿಲುಗಳಿವೆ. ನಿಂತು ಮಾತಾಡುತ್ತಾ ಹೋದರೆ ಮೂರು ಗಂಟೆ ಹಿಡಿಯುತ್ತದೆ. ಮಂಡಿನೋವು ಇರುವವರು ಗೈಡಿಗೆ ಮೊದಲೇ ಹೇಳಿಬಿಡಿ, ನಾಚಿಕೆ ಬೇಡ. ಗೈಡ್ ನಮಗಾಗಿ ಮಾತ್ರ ಬರುವುದರ ದೊಡ್ಡ ಲಾಭವೇ ಅದು. ನಮ್ಮ ಕಾಲಿನ ವೇಗಕ್ಕೆ ಅವರು ನಡೆಯುತ್ತಾರೆ, ಬಸ್ಸಿನ ನಲವತ್ತು ಜನರ ಹಿಂದೆ ನಾವು ಓಡಬೇಕಾಗಿಲ್ಲ. ಮೆಟ್ಟಿಲು ಆಗದವರಿಗೆ ಹೌಸ್‌ಸ್ಟೆಡ್ಸ್ ಕಡೆಯಿಂದ ಹೊರಟು ಸ್ವಲ್ಪ ದೂರ ಹೋಗಿ ಬರುವ ದಾರಿ ಮಾಡಿಕೊಡುತ್ತಾರೆ.

ಈ ಹಾದಿಯಲ್ಲೇ ಸಿಕಮೋರ್ ಗ್ಯಾಪ್ ಸಿಗುತ್ತದೆ. ಎರಡು ಏರುಗಳ ನಡುವಿನ ತಗ್ಗಿನಲ್ಲಿ ಒಂಟಿಯಾಗಿ ನಿಂತಿದ್ದ ಮರದ ಚಿತ್ರವನ್ನು ನೀವು ಕ್ಯಾಲೆಂಡರುಗಳಲ್ಲಿ ನೋಡಿರಬಹುದು. 2023ರ ಸೆಪ್ಟೆಂಬರ್ 27ರ ರಾತ್ರಿ ಇಬ್ಬರು ಬಂದು ಅದನ್ನು ಯಂತ್ರದ ಗರಗಸದಿಂದ ಕತ್ತರಿಸಿ ಹೋದರು. 2025ರಲ್ಲಿ ಅವರಿಗೆ ನಾಲ್ಕು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು. ಬುಡದಿಂದ 2024ರಲ್ಲಿ ಚಿಗುರು ಬಂದಿದೆ. ಬೇಲಿ ಹಾಕಿ ಕಾಯುತ್ತಿದ್ದಾರೆ.

ಮುಂದೆ ಮೂವತ್ತೇಳನೆಯ ಮೈಲಿಯ ಠಾಣೆ. ಅದರ ಉತ್ತರದ ಬಾಗಿಲಿನ ಕಮಾನಿನ ಕೆಳಭಾಗ ಇನ್ನೂ ನಿಂತಿದೆ. ಬಾಗಿಲು ತೆರೆದರೆ ಎದುರಿಗೆ ಇಳಿಜಾರು, ಬಂಡೆ. ಅಲ್ಲಿ ಬಾಗಿಲು ಯಾಕೆ ಬೇಕಿತ್ತು ಎಂದು ನಾನು ಕೇಳಿದೆ. ಮೈಲಿಗೊಂದು ಬಾಗಿಲು ಎಂದು ಆಜ್ಞೆಯಿತ್ತು, ಇಟ್ಟರು ಎಂದು ಗೈಡ್ ನಕ್ಕರು. ಆದರೆ ಅವರು ಮುಂದೆ ಹೇಳಿದ್ದು ನಗುವ ಮಾತಲ್ಲ. ಇಷ್ಟೊಂದು ಬಾಗಿಲು ಇಟ್ಟ ಗೋಡೆ ಜನರನ್ನು ಪೂರ್ತಿ ತಡೆಯಲು ಕಟ್ಟಿದ್ದಲ್ಲ, ಯಾರು ಬರುತ್ತಾರೆ ಯಾರು ಹೋಗುತ್ತಾರೆ ಎಂದು ನೋಡಲು ಕಟ್ಟಿದ್ದು. ಹೌಸ್‌ಸ್ಟೆಡ್ಸ್ ಕೋಟೆಯ ಪಕ್ಕದ ಹಳ್ಳದ ಬಳಿ ಆಮೇಲೆ ಇನ್ನೊಂದು ಬಾಗಿಲು ಮಾಡಿದ್ದಾರೆ. ಎರಡು ಕಡೆ ಕಾವಲುಕೋಣೆ, ಹಿಂದೊಂದು ಮುಂದೊಂದು ಕದ. ನಡುವೆ ನಿಲ್ಲಿಸಿ ತಪಾಸಣೆ ಮಾಡಿ ಬಿಡುವ ವ್ಯವಸ್ಥೆ. ನನಗೆ ತಲಪಾಡಿ ಚೆಕ್‌ಪೋಸ್ಟ್ ಕಣ್ಣಿಗೆ ಬಂತು. 2020ರ ಮಾರ್ಚ್‌ನಲ್ಲಿ ಕೊರೊನಾ ಹೊತ್ತಿಗೆ ಅಲ್ಲಿ ರಸ್ತೆ ಮುಚ್ಚಿದಾಗ, ದಿನಾ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ಕಾಸರಗೋಡಿನವರಿಗೆ ಬಾಗಿಲು ಎಂದರೆ ಏನು ಎಂದು ಗೊತ್ತಾಯಿತು.

ಇನ್ನೊಂದು ತಪ್ಪು ತಿಳಿವಳಿಕೆಯೂ ಅಲ್ಲಿ ಹೋಯಿತು. ಈ ಗೋಡೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿ ಎಂದು ನಾನು ತಿಳಿದಿದ್ದೆ. ಅಲ್ಲ. ಗೋಡೆ ಪೂರ್ತಿಯಾಗಿ ಇಂಗ್ಲೆಂಡಿನ ಒಳಗೇ ಇದೆ. ಪೂರ್ವದ ತುದಿಯಿಂದ ಇವತ್ತಿನ ಗಡಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಗೋಡೆ ಕಟ್ಟುವಾಗ ಅಲ್ಲಿ ಇಂಗ್ಲಿಷ್ ಎಂಬ ಭಾಷೆಯೂ ಇರಲಿಲ್ಲ, ಅದು ಬಂದದ್ದು ರೋಮನ್ನರು ಹೋದ ಮೇಲೆ. ಆಗ ಗೋಡೆಯ ಈಚೆಗೂ ಆಚೆಗೂ ಇದ್ದದ್ದು ಒಂದೇ ಬಗೆಯ ನುಡಿಯಾಡುವ ಜನ, ಇವತ್ತಿನ ವೆಲ್ಷ್ ಭಾಷೆಯ ಪೂರ್ವಿಕ ನುಡಿ ಅದು. ಗೆರೆ ಎಳೆದವರು ದೂರದ ರಾಜಧಾನಿಯವರು. ಗೆರೆ ಎಳೆಯುವಾಗ ಭಾಷೆ ಕೇಳಿ ಎಳೆಯಲಿಲ್ಲ. ನಮ್ಮ ಓದುಗರಿಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಕಾವಲಿಗೆ ಇದ್ದವರಾದರೂ ರೋಮಿನವರೇ? ಹೌಸ್‌ಸ್ಟೆಡ್ಸ್‌ನಲ್ಲಿ ಇವತ್ತಿನ ಬೆಲ್ಜಿಯಂ ಕಡೆಯ ತುಂಗ್ರಿಯನ್ನರ ದಳ ಇತ್ತು. ಪಶ್ಚಿಮಕ್ಕೆ ಕಾರ್ವೊರನ್‌ನಲ್ಲಿ ಸಿರಿಯಾದ ಬಿಲ್ಲುಗಾರರು, ಇನ್ನೂ ಆಚೆ ಒಂದು ಕೋಟೆಯಲ್ಲಿ ಉತ್ತರ ಆಫ್ರಿಕಾದ ಮೂರ್ ಜನ. ಹೌಸ್‌ಸ್ಟೆಡ್ಸ್‌ನ ಕೋಟೆಯೊಳಗೆ ಉಗ್ರಾಣ, ಆಸ್ಪತ್ರೆ, ಸಾಲಾಗಿ ಕೂರುವ ಶೌಚಾಲಯ ಎಲ್ಲದರ ತಳ ಚೆನ್ನಾಗಿ ಉಳಿದಿದೆ. ಶೌಚಾಲಯದ ನೀರಿನ ವ್ಯವಸ್ಥೆಯ ಮುಂದೆ ನಮ್ಮ ಮೊಮ್ಮಗ ಅರ್ಧ ಗಂಟೆ ನಿಂತ.

ಮಧ್ಯಾಹ್ನದ ಮೇಲೆ ಶಕ್ತಿ ಉಳಿದಿದ್ದರೆ ಗೋಡೆಯ ದಕ್ಷಿಣಕ್ಕಿರುವ ವಿಂಡೋಲಾಂಡಾ ಕೋಟೆಗೆ ಕರೆದುಕೊಂಡು ಹೋಗಲು ಹೇಳಿ. ಅಲ್ಲಿ 1973ರಿಂದ ನೆಲದಡಿ ತೆಳು ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಸಿಗುತ್ತಿವೆ. ಗೋಡೆಗಿಂತ ಇಪ್ಪತ್ತು ಮೂವತ್ತು ವರ್ಷ ಹಳೆಯವು ಬಹಳಷ್ಟು. ಒಂದರಲ್ಲಿ ಒಬ್ಬ ಅಧಿಕಾರಿಯ ಹೆಂಡತಿ ಇನ್ನೊಬ್ಬ ಅಧಿಕಾರಿಯ ಹೆಂಡತಿಯನ್ನು ತನ್ನ ಹುಟ್ಟುಹಬ್ಬಕ್ಕೆ ಕರೆಯುತ್ತಾಳೆ. ಇನ್ನೊಂದು, ಯಾರಿಗೋ ಕಾಲುಚೀಲ, ಚಪ್ಪಲಿ, ಒಳಚಡ್ಡಿ ಕಳಿಸಿದ್ದರ ಲೆಕ್ಕ. ಮತ್ತೊಂದು ಹಾಜರಿ ಪಟ್ಟಿ. ದಳದಲ್ಲಿ 752 ಜನ, ಅದರಲ್ಲಿ 456 ಮಂದಿ ಬೇರೆ ಬೇರೆ ಕಡೆ ನಿಯೋಜನೆಯ ಮೇಲೆ ಹೋಗಿದ್ದಾರೆ! ಹೆಚ್ಚಿನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಕೆಲವನ್ನು ಇಲ್ಲೇ ನೋಡಬಹುದು.

ಇನ್ನು ಗೈಡನ್ನು ಗೊತ್ತು ಮಾಡುವ ಬಗ್ಗೆ. ಸಾಮಾನ್ಯವಾಗಿ ಶುಲ್ಕ ದಿನಕ್ಕೆ, ಗುಂಪಿಗೆ, ತಲೆಗಿಷ್ಟು ಎಂದಲ್ಲ. ಹಾಗಾಗಿ ಒಬ್ಬರಿಗೆ ದುಬಾರಿ, ಎರಡು ಕುಟುಂಬ ಸೇರಿದರೆ ಹಗುರ. ಅಲ್ಲಿ ಬ್ಲೂ ಬ್ಯಾಡ್ಜ್ ಇರುವ ಗೈಡುಗಳು ಇತಿಹಾಸ ಚೆನ್ನಾಗಿ ಹೇಳುತ್ತಾರೆ. ಗುಡ್ಡದ ಮೇಲೆ ಜನರನ್ನು ನಡೆಸುವುದಕ್ಕೆ ಬೇರೆಯೇ ತರಬೇತಿ, ಬೇರೆಯೇ ಅರ್ಹತಾಪತ್ರ ಇದೆ. ಎರಡೂ ಇದೆಯೇ, ಪ್ರಥಮ ಚಿಕಿತ್ಸೆ ಗೊತ್ತೇ, ವಿಮೆ ಇದೆಯೇ ಎಂದು ಕೇಳಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಕೋಟೆಗಳ ಟಿಕೆಟ್ಟು ಶುಲ್ಕದಲ್ಲಿ ಸೇರಿದೆಯೇ, ಹೊರಟ ಜಾಗಕ್ಕೆ ವಾಪಸು ತರುವವರು ಯಾರು ಎಂಬುದನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ನ್ಯೂಕ್ಯಾಸಲ್‌ನಿಂದ ಕಾರ್ಲೈಲ್ ಕಡೆಗೆ ಹೋಗುವ ರೈಲಿನಲ್ಲಿ ಹೆಕ್ಸಮ್ ಅಥವಾ ಹಾಲ್ಟ್‌ವಿಸಲ್‌ನಲ್ಲಿ ಇಳಿದರೆ ಗೈಡ್ ಅಲ್ಲಿಂದ ಕರೆದುಕೊಂಡು ಹೋಗುತ್ತಾರೆ. ಎಡಿ 122 ಎಂಬ ಹೆಸರಿನ ಬಸ್ಸೂ ಗೋಡೆಯುದ್ದಕ್ಕೆ ಓಡುತ್ತದೆ, ನಂಬರಲ್ಲೇ ಗೋಡೆಯ ಇಸವಿ. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುವುದರಿಂದ ನೋಡಿಕೊಂಡು ಹೊರಡಿ.

ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಹೋಗುವುದು ಒಳ್ಳೆಯದು. ಜೂನಿನಲ್ಲಿ ಹದಿನೇಳು ಗಂಟೆ ಬೆಳಕು, ಡಿಸೆಂಬರಿನಲ್ಲಿ ಏಳೇ ಗಂಟೆ. ಚಳಿಗಾಲದಲ್ಲಿ ನೆಲ ನೆನೆದಿರುತ್ತದೆ, ತುಳಿದರೆ ಕೆಳಗಿರುವ ಹಳೆಯ ತಳಪಾಯಕ್ಕೇ ಪೆಟ್ಟು. ಅದಕ್ಕೇ ಹುಲ್ಲಿನ ಮೇಲೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗದೆ ಪಕ್ಕಪಕ್ಕದಲ್ಲಿ ನಡೆಯಿರಿ ಎನ್ನುತ್ತಾರೆ. ಸಾಲಾಗಿ ಹೋದರೆ ಹುಲ್ಲು ಸವೆದು ಮಣ್ಣು ಕೊಚ್ಚಿಹೋಗುತ್ತದೆ. ಗೋಡೆಯ ಮೇಲೆ ಹತ್ತಬಾರದು, ಹೌಸ್‌ಸ್ಟೆಡ್ಸ್ ಹತ್ತಿರದ ಮರಗಳ ನಡುವೆ ಒಂದು ತುಂಡಿನ ಮೇಲೆ ಮಾತ್ರ ನಡೆಯಬಹುದು. ಕಾಲಿಗೆ ಹಿಡಿತ ಇರುವ ಬೂಟು, ಬೇಸಿಗೆಯಲ್ಲೂ ಮಳೆಯಂಗಿ ಬೇಕು. ಸೀರೆ ಉಟ್ಟು ಆ ಗಾಳಿಯಲ್ಲಿ ನಡೆಯುವುದು ಕಷ್ಟ, ನಮ್ಮವಳು ಪ್ರಯತ್ನಿಸಿ ನೋಡಿದ್ದಾಳೆ. ದಾರಿಯಲ್ಲಿ ಅಂಗಡಿ ಇಲ್ಲ, ಚಪಾತಿ ಪಲ್ಯ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಳ್ಳಿ.

ಕಾಫಿ ಕುಡಿಯುತ್ತಾ ಕೂತಾಗ ಗೈಡ್ ನಮ್ಮ ಊರು ಕೇಳಿದರು. ಕೇರಳ ಎಂದೆ. ಹಾಗಾದರೆ ಮಲಯಾಳಂ ಎಂದರು. ಅಲ್ಲ, ಮನೆಯಲ್ಲಿ ಕನ್ನಡ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನೀವು ಸೌತ್ ಶೀಲ್ಡ್ಸ್‌ನಲ್ಲಿರುವ ಕಲ್ಲೊಂದನ್ನು ನೋಡಿಯೇ ಹೋಗಿ ಎಂದರು. ನ್ಯೂಕ್ಯಾಸಲ್‌ನಿಂದ ಮೆಟ್ರೊದಲ್ಲಿ ಹೋಗಬಹುದು. ಅರ್ಬೇಯಾ ಎಂಬ ಕೋಟೆಯ ಮ್ಯೂಸಿಯಂ, ವರ್ಷಪೂರ್ತಿ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೋಗಬೇಕು. ಮರುದಿನ ಹೋದೆವು.

ಅದೊಂದು ಸಮಾಧಿಕಲ್ಲು. ಬೆತ್ತದ ಕುರ್ಚಿಯಲ್ಲಿ ಕುಳಿತ ಹೆಂಗಸು, ಒಂದು ಪಕ್ಕ ಒಡವೆಯ ಪೆಟ್ಟಿಗೆ, ಇನ್ನೊಂದು ಪಕ್ಕ ನೂಲಿನ ಉಂಡೆಗಳ ಬುಟ್ಟಿ. ಮುಖ ಒಡೆದುಹೋಗಿದೆ. ಹೆಸರು ರೆಜೀನಾ, ದಕ್ಷಿಣ ಬ್ರಿಟನ್ನಿನ ಬುಡಕಟ್ಟಿನವಳು, ಮೂವತ್ತನೆಯ ವಯಸ್ಸಿನಲ್ಲಿ ತೀರಿಕೊಂಡವಳು. ಗುಲಾಮಳಾಗಿದ್ದ ಅವಳನ್ನು ಬಿಡುಗಡೆ ಮಾಡಿ ಮದುವೆಯಾದವನು ಬರಾತೆಸ್, ಸಿರಿಯಾದ ಪಾಲ್ಮೀರಾದವನು. ಮೇಲೆ ಲ್ಯಾಟಿನ್‌ನಲ್ಲಿ, ಅಂದರೆ ಕಚೇರಿಯ ಭಾಷೆಯಲ್ಲಿ, ಈ ವಿವರವೆಲ್ಲ ಇದೆ. ಆ ಲ್ಯಾಟಿನ್‌ನಲ್ಲಿ ವ್ಯಾಕರಣದ ತಪ್ಪುಗಳಿವೆ. ಅದರ ಕೆಳಗೆ ಒಂದೇ ಸಾಲು, ಬರಾತೆಸನ ತಾಯ್ನುಡಿಯಲ್ಲಿ, ಅವನ ಊರಿನ ಲಿಪಿಯಲ್ಲಿ. ಅದನ್ನು ಸರಾಗವಾಗಿ, ತಪ್ಪಿಲ್ಲದೆ ಕೆತ್ತಿದ್ದಾರೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಚಾವುಂಡರಾಯನ ಹೆಸರಿದೆ. ಅಲ್ಲಿ ಯಾತ್ರಿಕರು ಮೂರೂ ಕಡೆಯಿಂದ ಬರುತ್ತಿದ್ದರು. ಟೈನ್ ನದಿಯ ಮುಖದಲ್ಲಿ ಆ ಪಾಲ್ಮೀರಾ ಅಕ್ಷರ ಓದಬಲ್ಲವರು ಎಷ್ಟು ಜನ ಇದ್ದಿರಬೇಕು?

ಆ ಸಾಲಿನಲ್ಲಿ ಇರುವುದು ಇಷ್ಟೇ: ಅವಳ ಹೆಸರು, ಬರಾತೆಸನಿಂದ ಬಿಡುಗಡೆಯಾದವಳು ಎಂಬ ಮಾತು, ಕೊನೆಗೆ ‘ಅಯ್ಯೋ’ ಎಂಬ ಒಂದು ಶಬ್ದ. ಆ ಶಬ್ದ ಮೇಲಿನ ಲ್ಯಾಟಿನ್‌ನಲ್ಲಿ ಇಲ್ಲ.