ವೈಕುಂಠವೆಂಬ ಪದ: ಅಂತರ್ಜಾಲದಲ್ಲಿ ಕ್ರಿಸ್ತಪುರಾಣದ ಓದು

ಕಾರವಾರ, ಅಂಕೋಲೆಗಳ ಕೊಂಕಣಿ ಕ್ರೈಸ್ತರಲ್ಲಿ ಅನೇಕರ ಪೂರ್ವಜರು ಗೋವೆಯಿಂದ ಬಂದವರು. ಆ ನಾಡಿನ ಭಕ್ತಿಕಾವ್ಯವೊಂದು ಇಂದು ಅಂತರ್ಜಾಲದಲ್ಲಿಯೇ ಓದಲು ದೊರೆಯುತ್ತದೆ. ಯೇಸುಸಭೆಯ ಆಂಗ್ಲ ಗುರು ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ 1616ರಲ್ಲಿ ರಾಚೋಲಿನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಭಾಷೆ ಕೊಂಕಣಿ ಬೆರೆತ ಮರಾಠಿ, ಛಂದಸ್ಸು ಓವಿ. ಜೋಸೆಫ್ ಸಲ್ಡಾನ್ಹಾ ಸಂಪಾದಿಸಿದ 1907ರ ಮಂಗಳೂರು ಆವೃತ್ತಿಯಿಂದ ಓದು ಆರಂಭಿಸುವುದು ಲೇಸು.

ಸ್ವರ್ಗವನ್ನು ಸ್ಟೀಫನ್ಸರು ‘ವೈಕುಂಠ’ ಎನ್ನುತ್ತಾರೆ. ಆ ಪದದೊಡನೆ ಕೇಳುಗನ ಮನಸ್ಸಿಗೆ ವಿಷ್ಣುವೂ ಬರುತ್ತಾನೆ. ಪದವನ್ನು ಕೈಬಿಡದೆ, ಕಥನದ ಮೂಲಕವೇ ಅದಕ್ಕೆ ಹೊಸ ಅರ್ಥ ತುಂಬಿದ್ದು ಅವರ ಧೈರ್ಯವೆಂದೇ ನನ್ನ ಎಣಿಕೆ. ಕನ್ನಡದಲ್ಲಿ ‘ಮನುಷ್ಯಾವತಾರ’ವನ್ನು ಬೋಧಿಸುವ ಗುರುವಿನ ತೊಡಕೂ ಇದೇ ಅಲ್ಲವೇ? ಕೇಳುಗನು ಅದನ್ನು ಹಲವು ಅವತಾರಗಳಲ್ಲೊಂದೆಂದು ಎಣಿಸಿದರೆ, ‘ಒಮ್ಮೆ ಮಾತ್ರ’ ಎಂಬುದನ್ನು ಬೆತ್ಲೆಹೇಮಿನಿಂದ ಶಿಲುಬೆಯವರೆಗಿನ ಕಥೆಯೇ ತಿಳಿಸಬೇಕು.