ಹಾಡಿನ ಹಿಂದೆ ‘ಗುಂಯ್’ ಸದ್ದೇಕೆ?

ಹಾಡು ಗೋವೆಯ ಮನೆಮನೆಯ ನಂಟು. ಕ್ರಿಸ್ ಪೆರಿ ಸಂಗೀತ ನೀಡಿ ಲೋರ್ನಾ ಹಾಡಿದ ಕೊಂಕಣಿ ಹಾಡುಗಳು ಒಂದು ಕಾಲಕ್ಕೆ ಗ್ರಾಮಾಫೋನ್ ತಟ್ಟೆಯಲ್ಲಿದ್ದವು. ಈಗ ಅವನ್ನು ಲ್ಯಾಪ್‌ಟಾಪಿಗೆ ಸ್ಪೀಕರ್ ಜೋಡಿಸಿ ಕೇಳಬಹುದು. ಆದರೆ ಹಾಡಿನ ಹಿಂದೆ ‘ಗುಂಯ್’ ಎಂಬ ಸದ್ದು ಬಂದರೆ? ಹೊಸ ಸ್ಪೀಕರಿಗೆ ಹಣ ಸುರಿಯುವ ಮೊದಲು ಕಾರಣ ತಿಳಿಯೋಣ.

ಸಿ.ಡಿ.ಯ ಹಾಡೆಂದರೆ ಸೆಕೆಂಡಿಗೆ 44,100 ಬಾರಿ ಅಳೆದಿಟ್ಟ ಅಂಕಿಗಳು. ಲ್ಯಾಪ್‌ಟಾಪಿನೊಳಗಿನ ಪುಟ್ಟ ಚಿಪ್ ಅವನ್ನು ವಿದ್ಯುತ್ ತರಂಗವಾಗಿ ಬದಲಿಸುತ್ತದೆ. ಒಳಗಿನ ಇಕ್ಕಟ್ಟಿನಲ್ಲಿ ಪಕ್ಕದ ಬಿಡಿಭಾಗಗಳ ಗದ್ದಲವೂ ಅದಕ್ಕೆ ಅಂಟಿಕೊಳ್ಳಬಹುದು.

ಮೊದಲು ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಕೇಳಿ. ಸದ್ದು ನಿಂತರೆ ಅದು ಚಾರ್ಜರಿನ ದಾರಿಯಿಂದ ಬರುತ್ತಿದೆ. ಚಾರ್ಜರ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಸದ್ದು ಹೋಗಲೆಂದು ಅರ್ಥಿಂಗ್ ಪಿನ್ನನ್ನು ಮಾತ್ರ ಎಂದಿಗೂ ಮುರಿಯಬೇಡಿ. ಅದು ಮನೆಯವರ ಪ್ರಾಣ ಕಾಯುವ ಪಿನ್. ಗೋವೆಯ ಮಳೆಗಾಲದ ತೇವದಲ್ಲಂತೂ ಎಚ್ಚರ ಬೇಕೇ ಬೇಕು.

ಆಗಲೂ ಸದ್ದು ನಿಲ್ಲದಿದ್ದರೆ ಅದೇ ಸ್ಪೀಕರನ್ನು ಮೊಬೈಲಿಗೋ ರೇಡಿಯೋಗೋ ಜೋಡಿಸಿ. ಅಲ್ಲಿಯೂ ಗುಂಯ್‌ಗುಟ್ಟಿದರೆ ಸ್ಪೀಕರ್ ಅಥವಾ ವೈರನ್ನು ಸಂಶಯಿಸಿ. ಅಲ್ಲಿ ಶುದ್ಧವಾಗಿದ್ದರೆ ಚಿಕ್ಕದೊಂದು ಯು.ಎಸ್.ಬಿ. ಸೌಂಡ್ ಕಾರ್ಡ್ ಸಾಕಾಗಬಹುದು; ಅಂಕಿಯನ್ನು ತರಂಗವಾಗಿಸುವ ಕೆಲಸ ಲ್ಯಾಪ್‌ಟಾಪಿನ ಹೊರಗೆ ನಡೆಯುತ್ತದೆ.

ಅತಿಯಾಗಿ ಕುಗ್ಗಿಸಿದ ಎಂ.ಪಿ.3 ಹಾಡು ಕಳೆದುಕೊಂಡದ್ದನ್ನು ಮಾತ್ರ ಯಾವ ಸ್ಪೀಕರೂ ಮರಳಿಸದು.

ಇನ್ನೊಂದು ಮಾತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬೆಲ್. ಹಾಡು ನಮಗೆ ಇಂಪಾಗಲಿ, ನೆರೆಮನೆಯ ಮಗುವಿನ ನಿದ್ದೆಯೂ ಉಳಿಯಲಿ.